ಹಾರ್ಮೋನು, ಶಸ್ತ್ರಚಿಕಿತ್ಸೆ ಇಲ್ಲದೆ ಗಂಡಸಾಗಿ ಕಾಣಿಸಿಕೊಳ್ಳುವುದು ಹೇಗೆ? ಟ್ರಾನ್ಸ್ ಪುರುಷರಿಗೆ ಒಂದು ಕೈಪಿಡಿ

ಲಿಂಗತ್ವ ಅಲ್ಪಸಂಖ್ಯಾತರು ಎಂದ ಕೂಡಲೇ ಕರ್ನಾಟಕದ ಹೆಚ್ಚಿನವರಿಗೆ ನೆನಪಾಗುವುದು 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಂಥವರು. ಹೆಣ್ಣೆಂದು ಹೆಸರಿಡಿಸಿಕೊಂಡು ತೊಟ್ಟಿಲಲ್ಲಿ ಮಲಗಿ, ಬೆಳೆಯುತ್ತ ತಾನು ಗಂಡೆಂದು ಅರಿತುಕೊಂಡ ಟ್ರಾನ್ಸ್ ಪುರುಷರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮಲ್ಲಿ ಅನೇಕರು ಖರ್ಚಿನ ಕಾರಣಕ್ಕೋ, ಆರೋಗ್ಯದ ಕಾರಣಕ್ಕೋ, ಮನೆಯವರ ಕಾರಣಕ್ಕೋ, ಇಲ್ಲವೇ ತಮಗೆ ಅದು ಬೇಡವೆಂಬ ಕಾರಣಕ್ಕೋ ಯಾವ ಚಿಕಿತ್ಸೆಯನ್ನೂ ಪಡೆಯದೆ ಗಂಡಸಾಗಿಯೇ ಬದುಕುತ್ತಿದ್ದೇವೆ. ಒಬ್ಬ ವ್ಯಕ್ತಿಯ ಲಿಂಗತ್ವವನ್ನು ಆ ವ್ಯಕ್ತಿಯೇ ನಿರ್ಧರಿಸಬೇಕು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಒಡ್ಡುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಹೇಳಿದೆ. ಆದರೆ ಬೆಳಿಗ್ಗೆ ಎದ್ದು ಏನು ತೊಡಬೇಕು, ಯಾವ ಅಂಗಡಿಯಲ್ಲಿ ಏನು ಹೇಳಬೇಕು ಎಂಬುದನ್ನು ಯಾವ ತೀರ್ಪೂ ಹೇಳಿಕೊಡುವುದಿಲ್ಲ. ಆ ದಾರಿಯಲ್ಲಿ ಹಲವು ವರ್ಷ ನಡೆದವನಾಗಿ ನನಗೆ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎದೆ: ಮೊದಲು ಉಸಿರು, ಆಮೇಲೆ ಆಕಾರ

ಎಲ್ಲರೂ ಮೊದಲು ಕೈಹಾಕುವುದು ಎದೆಯನ್ನು ಚಪ್ಪಟೆಯಾಗಿಸುವ ಕೆಲಸಕ್ಕೆ, ಹೆಚ್ಚು ತಪ್ಪು ನಡೆಯುವುದೂ ಅಲ್ಲಿಯೇ. ಉಳುಕಿಗೆ ಕಟ್ಟುವ ಕ್ರೇಪ್ ಬ್ಯಾಂಡೇಜನ್ನಾಗಲಿ, ಪೆಟ್ಟಿಗೆಗೆ ಅಂಟಿಸುವ ಟೇಪನ್ನಾಗಲಿ ಎದೆಗೆ ಸುತ್ತಲೇಬೇಡಿ. ಕ್ರೇಪ್ ಬ್ಯಾಂಡೇಜು ಮೈ ಅಲುಗಿದಂತೆಲ್ಲ ಬಿಗಿಯುತ್ತ ಹೋಗಿ, ಉಸಿರೆಳೆದಾಗ ಪಕ್ಕೆಲುಬುಗಳು ಅಗಲವಾಗಲು ಬಿಡುವುದಿಲ್ಲ. ನಾನು ಇದನ್ನು ಕಲಿತದ್ದು ದಾವಣಗೆರೆಯ ಒಂದು ಮದುವೆಯಲ್ಲಿ. ಮೇ ತಿಂಗಳ ಬಿಸಿಲು, ಎರಡನೆಯ ಪಂಕ್ತಿಯ ಊಟ, ಎಲೆಯ ಮುಂದೆ ಕೂತಿದ್ದಂತೆ ಕಣ್ಣು ಕತ್ತಲೆ ಬಂತು. ಕಲ್ಯಾಣ ಮಂಟಪದ ಹಿಂದಿನ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ ಸುತ್ತು ಬಿಚ್ಚಿದಾಗ ಚರ್ಮದ ಮೇಲೆ ಎದ್ದಿದ್ದ ಬರೆಗಳು ಮಾಯಲು ನಾಲ್ಕು ದಿನ ಬೇಕಾದವು.

ಸರಿಯಾದ ಸಾಧನ ಬೈಂಡರ್, ಅಂದರೆ ಎದೆಯ ಭಾರವನ್ನು ಸಮನಾಗಿ ಹರಡಿ ಒತ್ತಿ ಹಿಡಿಯಲೆಂದೇ ಹೊಲಿದ ಒಳಅಂಗಿ. ಎದೆಯ ಅತಿ ಉಬ್ಬಿದ ಭಾಗದ ಸುತ್ತಳತೆಯನ್ನೂ ಒಂದು ಭುಜದ ತುದಿಯಿಂದ ಇನ್ನೊಂದರ ತುದಿಯವರೆಗಿನ ಅಳತೆಯನ್ನೂ ಟೇಪಿನಲ್ಲಿ ತೆಗೆದು, ಮಾರುವವರ ಪಟ್ಟಿಯಲ್ಲಿ ಅದಕ್ಕೆ ಹೊಂದುವ ಸೈಜನ್ನೇ ಕೊಳ್ಳಿ. ಇನ್ನಷ್ಟು ಚಪ್ಪಟೆಯಾಗಲೆಂದು ಒಂದು ಸೈಜು ಕಡಿಮೆ ತೆಗೆದುಕೊಂಡರೆ ನೋವು ಬರುತ್ತದೆಯೇ ಹೊರತು ಹೆಚ್ಚಿನ ಉಪಯೋಗವಿಲ್ಲ. ಬೈಂಡರ್ ಕೊಳ್ಳಲಾಗದವರು ಗಟ್ಟಿಯಾದ ಒಂದು ಸ್ಪೋರ್ಟ್ಸ್ ಬ್ರಾ ಮೇಲೆ ಗಂಡಸರ ದಪ್ಪ ಬನಿಯನ್ ತೊಡಬಹುದು. ಎದೆ ಉಬ್ಬಿರುವ ಗಂಡಸರಿಗಾಗಿಯೇ ಮಾರುವ ಬಿಗಿ ಬನಿಯನ್ನುಗಳೂ ಸಿಗುತ್ತವೆ. ಮನೆಯಲ್ಲಿ ಪಾರ್ಸಲ್ ಬಿಚ್ಚಿ ನೋಡುವವರಿದ್ದರೆ, ಬನಿಯನ್ ಎಂಬ ಹೆಸರಿನಲ್ಲಿ ಬರುವ ವಸ್ತುವಿನ ಬಗ್ಗೆ ಪ್ರಶ್ನೆಗಳು ಕಡಿಮೆ.

ದಿನಕ್ಕೆ 8 ಗಂಟೆಯನ್ನು ಮೀರಬೇಡಿ. ಮಲಗುವಾಗ, ಓಡುವಾಗ, ಭಾರ ಎತ್ತುವಾಗ ಅದು ಮೈಮೇಲೆ ಇರಬಾರದು, ವಾರಕ್ಕೆ ಒಂದೆರಡು ದಿನವಾದರೂ ಎದೆಗೆ ಬಿಡುವು ಬೇಕು. ಬಿಚ್ಚಿದ ಮೇಲೆ ಎರಡು ಸಲ ಗಟ್ಟಿಯಾಗಿ ಕೆಮ್ಮಿ, ಆಳವಾಗಿ ಉಸಿರಾಡಿ. ಬೆರಳು ಜೋಮು ಹಿಡಿದರೆ, ಚುಚ್ಚಿದಂತೆ ನೋವಾದರೆ, ಉಸಿರು ಸಾಲದಂತಾದರೆ ಇರುವ ಕೆಲಸ ಬಿಟ್ಟು ತಕ್ಷಣ ಬಿಚ್ಚಿ. ಉಬ್ಬಸ ಅಥವಾ ಬೆನ್ನುಮೂಳೆಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬೈಂಡರ್ ತೊಡಬಾರದು. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆಯಲ್ಲಿ ಬೆವರಿನಿಂದ ಗಂದೆಯೂ ತುರಿಕೆಯೂ ಬೇಗ ಹತ್ತಿಕೊಳ್ಳುವುದರಿಂದ, ಒಳಗೊಂದು ತೆಳು ಹತ್ತಿಯ ಬನಿಯನ್ ಹಾಕಿಕೊಂಡು, ಬೈಂಡರನ್ನು ದಿನವೂ ಒಗೆದು ಪೂರ್ತಿ ಒಣಗಿಸಿ.

ಅಂಗಿ: ದರ್ಜಿಯ ಬಳಿ ಏನು ಹೇಳಬೇಕು

ನನ್ನನ್ನು ಕೇಳಿದರೆ ಬೈಂಡರಿಗಿಂತ ಹೆಚ್ಚಿನ ಕೆಲಸ ಮಾಡುವುದು ಸರಿಯಾಗಿ ಹೊಲಿದ ಅಂಗಿ. ಸಿದ್ಧ ಉಡುಪಿನಲ್ಲಿ ನಮ್ಮ ಕಷ್ಟವೇನೆಂದರೆ, ಭುಜಕ್ಕೆ ಹೊಂದುವ ಅಂಗಿ ಸೊಂಟದ ಕೆಳಗೆ ಬಿಗಿಯುತ್ತದೆ, ಅಲ್ಲಿಗೆ ಸಡಿಲವಾದದ್ದು ಭುಜದಿಂದ ಜೋತು ಬೀಳುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಕೂರದಿದ್ದರೆ ಅಣ್ಣನ ಅಂಗಿಯನ್ನು ಕೇಳಿ ತೊಟ್ಟಂತೆ ಕಾಣುತ್ತದೆ. ಆದ್ದರಿಂದ ಗಂಡಸರ ಬಟ್ಟೆ ಹೊಲಿಯುವ ದರ್ಜಿಯ ಬಳಿಗೇ ಹೋಗಿ. ಭುಜ ಅಳತೆಗೆ ಸರಿಯಾಗಿ, ಎದೆಯಿಂದ ಕೆಳಗೆ ನೇರವಾಗಿ, ಅಂಚು ಸಮನಾಗಿ, ಎರಡೂ ಕಡೆ ಮುಚ್ಚಳವಿರುವ ಜೇಬಿಟ್ಟು ಹೊಲಿಯಿರಿ ಎಂದಷ್ಟು ಹೇಳಿದರೆ ಸಾಕು. ಎರಡು ಜೇಬಿನ ಬಟ್ಟೆ ಎದೆಯ ಮೇಲೆ ಇನ್ನೊಂದು ಪದರವಾಗುತ್ತದೆ. ಬಟ್ಟೆ ಸ್ವಲ್ಪ ದಪ್ಪವಾಗಿ, ಗಾಢ ಬಣ್ಣದಲ್ಲಿ, ಸಣ್ಣ ಚೌಕಳಿಯದಾಗಿದ್ದರೆ ಒಳ್ಳೆಯದು. ಉದ್ದಗೆರೆಯ ಬಟ್ಟೆ ಬೇಡ, ಉಬ್ಬಿದ ಕಡೆ ಗೆರೆ ಬಾಗಿ ಮರೆಸಬೇಕಾದದ್ದನ್ನೇ ತೋರಿಸುತ್ತದೆ. ಗಂಡಸರ ಅಂಗಿಯಲ್ಲಿ ಗುಂಡಿಗಳು ತೊಟ್ಟವರ ಬಲಗಡೆಗೆ ಇರುತ್ತವೆ ಎಂಬುದನ್ನು ಗಮನದಲ್ಲಿಡಿ, ಅಕ್ಕಪಕ್ಕದವರು ಗಮನಿಸುತ್ತಾರೆ.

ನನ್ನ ಮೊದಲ ಅಂಗಿ ಹೊಲಿದ ವಯಸ್ಸಾದ ದರ್ಜಿ ಟೇಪನ್ನು ಭುಜದಿಂದ ಭುಜಕ್ಕೆ ಹಿಡಿದು, ಎದೆಯ ಅಳತೆಗೆ ಬಂದಾಗ ಟೇಪಿನ ತುದಿಯನ್ನು ನನ್ನ ಕೈಗೇ ಕೊಟ್ಟು, “ನೀನೇ ಹಿಡ್ಕೊಳ್ಳಪ್ಪ” ಎಂದರು. ರಸೀದಿ ಪುಸ್ತಕದಲ್ಲಿ ಹೆಸರು ಬರೆಯಬೇಕಾದಾಗ ನಾನು ಇಟ್ಟುಕೊಂಡಿದ್ದ ಹೆಸರನ್ನು ಮೊದಲ ಬಾರಿಗೆ ಒಬ್ಬ ಅಪರಿಚಿತರಿಗೆ ಹೇಳಿದೆ. ಆ ರಸೀದಿ ಇನ್ನೂ ನನ್ನ ಬಳಿ ಇದೆ.

ಪ್ಯಾಂಟು ನೇರ ಕಾಲಿನದಿರಲಿ, ಅಂಗಿ ಹೊರಗೇ ಇರಲಿ. ಮೊಬೈಲು, ಪರ್ಸುಗಳನ್ನು ಹೆಗಲ ಚೀಲದಿಂದ ಜೇಬಿಗೆ ಸಾಗಿಸಿ. ಮುಂಭಾಗ ಖಾಲಿಯೆನಿಸಿದರೆ ಬಿಗಿಯಾದ ಒಳಚಡ್ಡಿಯೊಳಗೆ ಸುರುಳಿ ಸುತ್ತಿದ ಹತ್ತಿಯ ಕಾಲುಚೀಲವೊಂದು ಸಾಕು. ಹಬ್ಬಕ್ಕೆ, ಮದುವೆಗೆ ಪಂಚೆಯಷ್ಟು ಅನುಕೂಲದ ಉಡುಪು ಬೇರೊಂದಿಲ್ಲ, ಅದರ ನೆರಿಗೆಗಳಲ್ಲಿ ಸೊಂಟದ ಅಗಲ ತಾನಾಗಿ ಮರೆಯಾಗುತ್ತದೆ.

ತಲೆಗೂದಲು ಮತ್ತು ಮುಖ

ಕ್ಷೌರದಂಗಡಿಗೆ ಭಾನುವಾರದ ಗದ್ದಲದಲ್ಲಿ ಹೋಗಬೇಡಿ. ಬಹಳ ಊರುಗಳಲ್ಲಿ ಮಂಗಳವಾರ ರಜೆ, ಬುಧವಾರದ ಮಧ್ಯಾಹ್ನ ಒಳ್ಳೆಯ ಹೊತ್ತು. ನಿಮ್ಮಂಥದೇ ಮುಖವಿರುವ ಗಂಡಸಿನ ಚಿತ್ರವೊಂದನ್ನು ತೋರಿಸಿ, ಕಿವಿಯ ಮುಂದಿನ ಕೂದಲನ್ನೂ ಕತ್ತಿನ ಹಿಂದಿನ ಅಂಚನ್ನೂ ಮೊನಚಾಗಿಸದೆ ಚೌಕವಾಗಿ ಕತ್ತರಿಸಲು ಹೇಳಿ. ಹುಬ್ಬು ತೀಡಿಸುವುದನ್ನು ನಿಲ್ಲಿಸಿ. ಬೋಳಿಸಿದರೆ ಮೀಸೆ ದಪ್ಪವಾಗುತ್ತದೆ ಎಂಬುದು ಸುಳ್ಳು, ಆದರೂ ಮೇಲ್ತುಟಿಯ ನವಿರು ಕೂದಲನ್ನು ತೆಗೆದ ಮುಖ ನೀಟಾಗಿ ಕಾಣುತ್ತದೆ. ಚುಚ್ಚಿದ ಕಿವಿಯ ಬಗ್ಗೆ ಚಿಂತೆ ಬೇಡ. ನಮ್ಮ ಹಳ್ಳಿಗಳಲ್ಲಿ ಗಂಡುಮಕ್ಕಳಿಗೂ ಕಿವಿ ಚುಚ್ಚಿಸುತ್ತಾರೆ, ಹಳಬರು ಒಂಟಿ ಹಾಕುತ್ತಿದ್ದರು.

ದನಿ, ಮಾತು, ಸಂಬಂಧದ ಹೆಸರುಗಳು

ಹಾರ್ಮೋನಿಲ್ಲದೆ ಧ್ವನಿತಂತುಗಳು ದಪ್ಪವಾಗುವುದಿಲ್ಲ, ಹಾಗಾಗಿ ದನಿ ಇಳಿಯುವುದಕ್ಕೆ ಮಿತಿಯಿದೆ. ಆದರೆ ಅದು ಎಲ್ಲಿ ಮೊಳಗುತ್ತದೆ ಎಂಬುದನ್ನು ಬದಲಾಯಿಸಬಹುದು. ಎದೆಯ ಮೇಲೆ ಅಂಗೈ ಇಟ್ಟು, ಬಾಯಿ ಮುಚ್ಚಿ ಮೆಲ್ಲಗೆ ಗುನುಗುತ್ತ, ಕಂಪನ ಅಂಗೈಗೆ ತಟ್ಟುವ ಸ್ಥಾಯಿಯನ್ನು ಹುಡುಕಿ. ಅದೇ ಸ್ಥಾಯಿಯಲ್ಲಿ ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಗಂಟಲು ಅದುಮಿ ದನಿ ತಗ್ಗಿಸಿದರೆ ಗೊಗ್ಗರಾಗುತ್ತದೆ. ಸಾಧ್ಯವಿದ್ದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ವಾಕ್ ತಜ್ಞರನ್ನು ಕಾಣುವುದು ಮೇಲು.

ಮಾತಿನ ವಿಷಯದಲ್ಲಿ ಕನ್ನಡ ನಮಗೆ ಬಹಳ ಉಪಕಾರ ಮಾಡಿದೆ. “ನಾನು ಬಂದೆ” ಎಂಬುದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಹಿಂದಿಯಲ್ಲಿ “ಆತಾ ಹೂಂ” ಎನ್ನಬೇಕೋ “ಆತೀ ಹೂಂ” ಎನ್ನಬೇಕೋ ಎಂದು ಬಾಯಿ ತೆರೆದ ಕೂಡಲೇ ತೀರ್ಮಾನಿಸಬೇಕಾಗುತ್ತದೆ. ಬೇರೆಯವರು ನಮ್ಮ ಬಗ್ಗೆ ಆಡುವಾಗ ಮಾತ್ರ “ಬಂದ”, “ಬಂದಳು” ಎಂಬ ತೊಡಕು. “ಅವನು” ಎನ್ನಲು ಇನ್ನೂ ನಾಲಗೆ ಏಳದ ಮನೆಯವರನ್ನು ಮೊದಲ ಕೆಲವು ತಿಂಗಳು “ಅವರು ಬಂದರು” ಎನ್ನಲು ಕೇಳಿಕೊಳ್ಳಿ, ಅದರಲ್ಲಿ ಮರ್ಯಾದೆಯೂ ಉಳಿಯುತ್ತದೆ.

ಸಂಬಂಧದ ಹೆಸರುಗಳು ಅಷ್ಟು ಸುಲಭವಲ್ಲ. ಅಣ್ಣನ ಮಕ್ಕಳಿಗೆ ಅತ್ತೆಯಾಗಿದ್ದವನು ಚಿಕ್ಕಪ್ಪನಾಗುತ್ತಾನೆ, ಅಕ್ಕನ ಮಕ್ಕಳಿಗೆ ಚಿಕ್ಕಮ್ಮನಾಗಿದ್ದವನು ಮಾವನಾಗುತ್ತಾನೆ. ಸೋದರತ್ತೆಗೂ ಸೋದರಮಾವನಿಗೂ ಮದುವೆ, ನಾಮಕರಣಗಳಲ್ಲಿ ಬೇರೆಬೇರೆ ಶಾಸ್ತ್ರಗಳಿರುವುದರಿಂದ ದೊಡ್ಡವರು ಇಲ್ಲಿ ತಡವರಿಸುತ್ತಾರೆ. ಮಕ್ಕಳಿಂದ ಶುರುಮಾಡಿ. ನನ್ನ ಅಕ್ಕನ ಮಗಳು ಒಂದೇ ವಾರದಲ್ಲಿ “ಮಾವ” ಎನ್ನಲು ಕಲಿತಳು, ಅವಳ ಬಾಯಿಂದ ಕೇಳಿ ಕೇಳಿ ನನ್ನ ಅಮ್ಮನೂ “ನಿನ್ನ ಮಾವನ್ನ ಕರಿ” ಎಂದು ಅವಳಿಗೆ ಹೇಳತೊಡಗಿದರು.

ಬಸ್ಸು, ಶೌಚಾಲಯ, ಕಾಗದಪತ್ರ

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ನಮಗೆ ಬಸ್ಸಿನಲ್ಲಿ ಹೊಸದೊಂದು ಪೇಚು ಎದುರಾಗಿದೆ. ಮಹಿಳೆಯರಂತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅದರಲ್ಲಿ ಉಚಿತ ಪ್ರಯಾಣವಿದೆ. ಆದರೆ ಆಧಾರ್ ಕಾರ್ಡಿನಲ್ಲಿ ಇನ್ನೂ ಹೆಣ್ಣೆಂದಿರುವವರು ಅದನ್ನು ತೋರಿಸಿದರೆ ತುಂಬಿದ ಬಸ್ಸಿನಲ್ಲಿ ವಿವರಣೆ ಕೊಡಬೇಕಾಗುತ್ತದೆ. ಚಿಲ್ಲರೆ ಕೈಯಲ್ಲೇ ಹಿಡಿದು, ಊರಿನ ಹೆಸರು ಹೇಳಿ, ಹಿಂದಿನ ಬಾಗಿಲ ಕಡೆ ನಿಂತು ಟಿಕೆಟ್ ಪಡೆಯುವುದೇ ನೆಮ್ಮದಿ ಎಂಬುದು ನನ್ನ ಅಭಿಪ್ರಾಯ.

ಗಂಡಸರ ಶೌಚಾಲಯದಲ್ಲಿ ಬಾಗಿಲಿರುವ ಕೋಣೆಗೆ ನೇರವಾಗಿ ಹೋಗಿ ಬಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ನಿಂತು ಮೂತ್ರ ಮಾಡಲು ನೆರವಾಗುವ ಕೊಳವೆಗಳು ಮಾರಾಟಕ್ಕಿವೆ, ಮನೆಯ ಬಚ್ಚಲಲ್ಲಿ ಹತ್ತಾರು ಸಲ ಅಭ್ಯಾಸವಾಗದೆ ಹೊರಗೆ ಬಳಸಬೇಡಿ. ಮುಟ್ಟಿನ ದಿನಗಳಲ್ಲಿ ಕಾಗದದ ಚೀಲವೊಂದು ಜೇಬಿನಲ್ಲಿರಲಿ, ಅಲ್ಲಿ ಕಸದ ಬುಟ್ಟಿ ಇರುವುದಿಲ್ಲ. ಸಂಜೆಯವರೆಗೆ ಮೂತ್ರ ತಡೆದುಕೊಳ್ಳುವುದಾಗಲಿ, ಅದಕ್ಕಾಗಿ ನೀರು ಕುಡಿಯದಿರುವುದಾಗಲಿ ಖಂಡಿತ ಬೇಡ, ಸೋಂಕು ತಗಲುತ್ತದೆ.

ಗುರುತಿನ ದಾಖಲೆ ಬದಲಿಸಿಕೊಳ್ಳುವ ಮನಸ್ಸಿದ್ದವರು, ಕಾಯ್ದೆ ಮತ್ತು ನಿಯಮಗಳು ತಿದ್ದುಪಡಿಯಾಗುತ್ತಿರುವುದರಿಂದ, ಅರ್ಜಿ ಹಾಕುವ ಮುನ್ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಮನಸ್ಸು ತೀರಾ ಕುಗ್ಗಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ.

ಇಷ್ಟಾದ ಮೇಲೆ ಮೊದಲ ಸಲ ಹೊರಗೆ ಹೋಗುವುದು. ಪರಿಚಿತರಿಲ್ಲದ ಪಕ್ಕದ ಊರಿನ ಸಂತೆಯ ದಿನವನ್ನು ಆರಿಸಿಕೊಳ್ಳಿ. ನಿಮ್ಮನ್ನು ತಪ್ಪದೆ “ಅಣ್ಣ” ಎಂದೋ “ತಮ್ಮ” ಎಂದೋ ಕರೆಯುವ ಒಬ್ಬ ಗೆಳೆಯರು ಜೊತೆಗಿರಲಿ, ಅವರು ಒಮ್ಮೆ ಕರೆದರೆ ತರಕಾರಿ ಮಾರುವವರೂ ಹಾಗೆಯೇ ಕರೆಯುತ್ತಾರೆ. ಒಂದು ಗಂಟೆ ಸುತ್ತಾಡಿ, ಟೊಮೆಟೊ ಬೆಲೆ ಕೇಳಿ, ಹೋಟೆಲಿನಲ್ಲಿ ಚಹಾ ಕುಡಿಯಿರಿ. ಯಾರಾದರೂ “ಮೇಡಂ” ಎಂದರೆ ನಿಲ್ಲದೆ ಮುಂದೆ ಸಾಗಿ. ಮನೆಗೆ ಬಂದ ಕೂಡಲೇ ಬೈಂಡರ್ ಬಿಚ್ಚಿ, ಎರಡು ಸಲ ಕೆಮ್ಮಿ, ಒಂದು ಚೊಂಬು ನೀರು ಕುಡಿಯಿರಿ.