‘ಆಗಿದೆ’ಯೋ ‘ಆಗಬಹುದು’ವೋ: ಕ್ಲಾಸಿನಲ್ಲಿ ನಡೆಸಿದ ಸ್ಪೇನ್ ಸಭೆ

ನಾನು ಬಿ.ಎ. ಮಕ್ಕಳಿಗೆ ಇತಿಹಾಸ ಹೇಳುತ್ತೇನೆ. ವಿಶ್ವಸಂಸ್ಥೆಯ ಪಾಠ ಅಂದರೆ ಕ್ಲಾಸಿಗೆ ಕ್ಲಾಸೇ ಆಕಳಿಸುತ್ತದೆ. ಹೋದ ವರ್ಷ ಪಾಠ ಬಿಟ್ಟು ಸಭೆಯನ್ನೇ ಮಾಡಿಸಿದೆ. ವಿಷಯ 1946ರ ಸ್ಪೇನ್ ಪ್ರಶ್ನೆ. ಹಿಟ್ಲರ್, ಮುಸೊಲಿನಿ ನೆರವಿನಿಂದ ಸ್ಪೇನಿನ ಗದ್ದುಗೆ ಹಿಡಿದ ಸರ್ವಾಧಿಕಾರಿ ಫ್ರಾಂಕೊ, ಅವರಿಬ್ಬರೂ ಹೋದ ಮೇಲೂ ಅಲ್ಲೇ ಕೂತಿದ್ದ. ಅವನನ್ನು ಏನು ಮಾಡೋದು?

11 ಕುರ್ಚಿ ಹಾಕಿದೆವು. ಆಗ ಭದ್ರತಾ ಮಂಡಳಿಯಲ್ಲಿ ಇದ್ದದ್ದು ಅಷ್ಟೇ ದೇಶ. ಅವಸರದಲ್ಲಿ ಒಂದು ಕುರ್ಚಿ ಅರ್ಜೆಂಟೀನಾಕ್ಕೆ ಕೊಟ್ಟುಬಿಟ್ಟಿದ್ದೆ. ಒಬ್ಬ ಹುಡುಗ ಪಟ್ಟಿ ನೋಡಿ ಹಿಡಿದ. ಚೀಟಿ ಹರಿದು ‘ಈಜಿಪ್ಟ್’ ಅಂತ ಬರೆದೆ. ರೂಮು ಇಕ್ಕಟ್ಟು ಅಂತ ಗೊಣಗಿದರು. ನಿಜವಾದ ಸಭೆ ನಡೆದದ್ದೂ ನ್ಯೂಯಾರ್ಕಿನ ಒಂದು ಕಾಲೇಜಿನ ಜಿಮ್‌ನಲ್ಲೇ ಕಣ್ರೋ ಅಂದೆ.

ಪೋಲೆಂಡ್ ಆಗಿದ್ದ ಹುಡುಗಿ ದೂರು ತಂದಳು. ಬ್ರಿಟನ್, ‘ಅದು ಅವರ ಮನೆ ವಿಷಯ’ ಅಂತು. ಕೊನೆಗೆ ಐದು ದೇಶಗಳ ಉಪಸಮಿತಿ, ಆಸ್ಟ್ರೇಲಿಯಾದ ಅಧ್ಯಕ್ಷತೆ. ವರದಿಯನ್ನು ಕನ್ನಡದಲ್ಲೇ ಬರೆಯಿರಿ ಅಂದೆ. ಮಜಾ ಶುರುವಾಗಿದ್ದು ಅಲ್ಲಿ. ಪೋಲೆಂಡ್ ಬೋರ್ಡಿನ ಮೇಲೆ ‘ಫ್ರಾಂಕೊ ಸರ್ಕಾರ ಶಾಂತಿಗೆ ಅಪಾಯ ಆಗಿದೆ’ ಅಂತ ಬರೆದಳು. ಆಸ್ಟ್ರೇಲಿಯಾ ಅಂಗೈಯಲ್ಲೇ ‘ಆಗಿದೆ’ ಒರೆಸಿ ‘ಆಗಬಹುದು’ ಮಾಡಿದ. ಅವಳು ಮತ್ತೆ ‘ಆಗಿದೆ’. ಮೂರು ಸಲ ಹೀಗಾಯಿತು, ಇಬ್ಬರ ಮೈಯೆಲ್ಲ ಸೀಮೆಸುಣ್ಣ. ನಾನು ಸುಮ್ನೆ ಕೂತೆ. ‘ಆಗಿದೆ’ ಅಂದರೆ ವಿಶ್ವಸಂಸ್ಥೆಯ ಸನ್ನದಿನ (ಅದರ ಮೂಲ ನಿಯಮಾವಳಿಯ) 7ನೇ ಅಧ್ಯಾಯ, ಮಂಡಳಿಯೇ ನಿರ್ಬಂಧ ಹೇರಬಹುದು. ‘ಆಗಬಹುದು’ ಅಂದರೆ 6ನೇ ಅಧ್ಯಾಯ, ಬರೀ ಶಿಫಾರಸು. ಅಸಲಿ ಉಪಸಮಿತಿ ‘ಆಗಬಹುದು’ಗೇ ಬಂದು ನಿಂತಿತ್ತು.

ರಷ್ಯದ ಹುಡುಗ ವೀಟೊ ಹಾಕಲು ಒಪ್ಪಲೇ ಇಲ್ಲ. ‘ಮೇಡಂ, ಫ್ರಾಂಕೊ ಕಂಡ್ರೆ ಆಗದವನು ನಾನು. ನಾನೇ ತಡೆಯೋದಾ?’ ಆದರೆ ಆಗಿನ ಸೋವಿಯತ್ ಪ್ರತಿನಿಧಿ ಗ್ರೊಮಿಕೊ ತಡೆದೇಬಿಟ್ಟಿದ್ದ. ಉಪಸಮಿತಿ ವರದಿಯ ಮೇಲಿನ ನಿರ್ಣಯ ತೀರಾ ಮೆದು ಅಂತ ವೀಟೊ ಹಾಕಿದ. ಇದನ್ನು ಪುಸ್ತಕ ಓದಿಸಿ ಅರ್ಥ ಮಾಡಿಸಲು ನನಗೆ ಯಾವತ್ತೂ ಆಗಿರಲಿಲ್ಲ.

ಮರುದಿನ ಇಡೀ ಕ್ಲಾಸು ಮಹಾಸಭೆ. 1946ರ ಡಿಸೆಂಬರ್ 12ರಂದು ಅಲ್ಲಿ 34 ದೇಶ ಪರ, 6 ವಿರೋಧ: ಮ್ಯಾಡ್ರಿಡ್‌ನಿಂದ ರಾಯಭಾರಿಗಳನ್ನು ವಾಪಸ್ ಕರೆಸಿ. ಕುರ್ಚಿ ಕಳೆದುಕೊಂಡಿದ್ದ ಅರ್ಜೆಂಟೀನಾಕ್ಕೆ ಈಗ ಮಾತಿನ ಸರದಿ. ಆ ದೇಶ ವಿರೋಧವಾಗಿ ಮತ ಹಾಕಿ, ಮುಂದಿನ ತಿಂಗಳೇ ರಾಯಭಾರಿ ಕಳಿಸಿತ್ತು. ಗೋಧಿಯನ್ನೂ ಕಳಿಸಿತ್ತು. 1950ರಲ್ಲಿ ಮಹಾಸಭೆಯೇ ಆ ಶಿಫಾರಸು ಹಿಂತೆಗೆದುಕೊಂಡಿತು. 1955ರಲ್ಲಿ ಸ್ಪೇನ್ ಸದಸ್ಯನೂ ಆಯಿತು.

‘ಹಸಿದ ಜನ ಊಟ ಮಾಡಬೇಕಲ್ವಾ?’ ಅಂದ ಅರ್ಜೆಂಟೀನಾ.

‘ಆ ಗೋಧಿ ತಿಂದೇ ಅವನು 1975ರವರೆಗೆ ಆಳಿದ’ ಅಂದಳು ಪೋಲೆಂಡ್.

ಬೆಲ್ ಆಯಿತು. ಮೆಟ್ಟಿಲ ಹತ್ತಿರವೂ ಅದೇ ಜಗಳ.