ಕೈಯಲ್ಲೇ ಹಿಡಿದು 4×5: ರೇಂಜ್‌ಫೈಂಡರ್ ಕ್ಯಾಮರಾಕ್ಕೆ ಲೆನ್ಸ್ ಆರಿಸುವಾಗ

ಲಾರ್ಜ್ ಫಾರ್ಮ್ಯಾಟ್ (4×5 ಇಂಚಿನಂಥ ದೊಡ್ಡ ಹಾಳೆ ಫಿಲ್ಮಿನ) ಲೆನ್ಸ್ ಅಂದ ಕೂಡಲೇ ಬರುವ ಮೊದಲ ಪ್ರಶ್ನೆ "ಇಮೇಜ್ ಸರ್ಕಲ್ ಎಷ್ಟು?", ಅಂದರೆ ಲೆನ್ಸ್ ಬೀಳಿಸುವ ಬಿಂಬದ ವೃತ್ತ ಎಷ್ಟು ದೊಡ್ಡದು. ಟ್ರೈಪಾಡ್ ಇದ್ದರೆ ಅದು ಸರಿಯಾದ ಪ್ರಶ್ನೆಯೇ. ಕೈಯಲ್ಲಿ ಹಿಡಿದು ತೆಗೆಯುವಾಗ ಲೆನ್ಸನ್ನು ಮೇಲೆತ್ತುವ ರೈಸೂ ಇಲ್ಲ, ಓರೆ ಮಾಡುವ ಟಿಲ್ಟೂ ಇಲ್ಲ. 4×5 ಫಿಲ್ಮ್ ಹೋಲ್ಡರಿನಲ್ಲಿ ಬೆಳಕು ಬೀಳುವ ಜಾಗ ಸುಮಾರು 95×120 ಮಿ.ಮೀ., ಕರ್ಣ 153 ಮಿ.ಮೀ. ಅಷ್ಟು ತುಂಬಿದರೆ ಮುಗಿಯಿತು. ಹಾಗಾಗಿ ನಾನು ನೋಡುವುದು ಬೇರೆ ಎರಡು ಸಂಗತಿ: ಈ ಲೆನ್ಸಿಗೆ ಹೊಂದುವ ಕ್ಯಾಮ್ (ಲೆನ್ಸಿನ ಚಲನೆಯನ್ನು ರೇಂಜ್‌ಫೈಂಡರಿಗೆ, ಅಂದರೆ ಎರಡು ಬಿಂಬ ಕೂಡಿಸಿ ದೂರ ಅಳೆಯುವ ಸಾಧನಕ್ಕೆ, ದಾಟಿಸುವ ತುಂಡು) ಇದೆಯೇ, ಮತ್ತು ಎಫ್ 5.6–8ರಷ್ಟು ಅಗಲ ಅಪರ್ಚರಿನಲ್ಲಿ ಇದು ನಂಬಿಕೆಗೆ ಅರ್ಹವೇ.

ಕ್ಯಾಮ್ ವಿಷಯ ಮೊದಲು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. 1955ರ ನಂತರದ ಕ್ರೌನ್ ಗ್ರಾಫಿಕ್ (ಅಮೆರಿಕದ ಹಳೆಯ 4×5 ಕೈಕ್ಯಾಮರಾ)ಗಳಲ್ಲಿ ರೇಂಜ್‌ಫೈಂಡರ್ ನೆತ್ತಿಯ ಮೇಲಿದೆ. ಫೋಕಲ್ ಲೆಂತಿಗೆ ತಕ್ಕಂತೆ ಒಳಗಿನ ಕ್ಯಾಮ್ ಬದಲಿಸಬಹುದು. ಅದಕ್ಕಿಂತ ಹಳೆಯವುಗಳಲ್ಲಿ ಪಕ್ಕಕ್ಕೆ ಅಂಟಿಕೊಂಡ ಕಲಾರ್ಟ್ ರೇಂಜ್‌ಫೈಂಡರ್ ಇರುತ್ತದೆ. ಅದಕ್ಕೆ ಕ್ಯಾಮ್ ಇಲ್ಲ, ಒಂದು ಲೆನ್ಸಿಗೆ ಹೊಂದಿಸಿದರೆ ಅದಕ್ಕೇ ಮೀಸಲು. ಲಿನ್‌ಹಾಫ್ ಟೆಕ್ನಿಕಾ ಕ್ಯಾಮರಾದಲ್ಲಿ ಕ್ಯಾಮನ್ನು ಆಯಾ ಲೆನ್ಸಿಗೇ ಉಜ್ಜಿ ಮಾಡಿರುತ್ತಾರೆ, ಲೆನ್ಸಿನ ಸೀರಿಯಲ್ ನಂಬರ್ ಅದರ ಮೇಲೆ ಕೆತ್ತಿರುತ್ತದೆ. ಟೆಕ್ನಿಕಾ 5ರಿಂದ ಈಚೆಗಿನ ಕ್ಯಾಮ್‌ಗಳು ಬಾಡಿಯಿಂದ ಬಾಡಿಗೆ ಹೋಗುತ್ತವೆ; ಟೆಕ್ನಿಕಾ 3ರ ಕ್ಯಾಮ್ ಆ ಬಾಡಿಗೆ ಮಾತ್ರ. ಕ್ಯಾಮ್ ಇಲ್ಲದೆ ಬಂದ ಟೆಕ್ನಿಕಾ ಲೆನ್ಸ್ ಎಷ್ಟೇ ಅಗ್ಗವಾದರೂ ಕೈಕ್ಯಾಮರಾಕ್ಕೆ ಅದು ಅರ್ಧ ಲೆನ್ಸ್.

"127ಕ್ಕೂ 135ಕ್ಕೂ ಏನು ಮಹಾ ವ್ಯತ್ಯಾಸ?" ಅನ್ನುವವರಿಗೆ ಒಂದು ಲೆಕ್ಕ. 2 ಮೀಟರಿಗೆ ಫೋಕಸ್ ಆಗಲು 135 ಮಿ.ಮೀ. ಲೆನ್ಸ್ ಇನ್ಫಿನಿಟಿಯಿಂದ (ಬಲು ದೂರಕ್ಕೆ ಫೋಕಸ್ ಆಗುವ ಜಾಗದಿಂದ) 9.8 ಮಿ.ಮೀ. ಮುಂದೆ ಬರಬೇಕು, 127ಕ್ಕೆ 8.6 ಸಾಕು. 135ರ ಕ್ಯಾಮಿನ ಮೇಲೆ 127 ಹಾಕಿದರೆ ರೇಂಜ್‌ಫೈಂಡರ್ 2 ಮೀಟರ್ ಅನ್ನುತ್ತದೆ, ಲೆನ್ಸ್ ನಿಜಕ್ಕೂ ನೋಡುತ್ತಿರುವುದು 1.78 ಮೀಟರಿಗೆ. 22 ಸೆಂ.ಮೀ. ಮುಂದೆ! ಕಣ್ಣಿಗೆ ಫೋಕಸ್ ಮಾಡಿದ್ದರೂ ಮುಂದಕ್ಕೆ ಚಾಚಿದ ಕೈಬೆರಳು ಶಾರ್ಪ್ ಆಗಿ ಬರುತ್ತದೆ. ಎಫ್ 11ಕ್ಕೆ ಇಳಿಸಿದರೆ ತಪ್ಪು ಹೇಗೋ ಮುಚ್ಚಿಹೋಗುತ್ತದೆ, ಆದರೆ ದಟ್ಟ ನೆರಳಿನಲ್ಲಿ ಎಫ್ 11 ಎಲ್ಲಿಂದ ತರುವುದು?

ಒಂದೇ ಫೋಕಲ್ ಲೆಂತಿನ ಎರಡು ಲೆನ್ಸುಗಳೂ ತದ್ರೂಪಲ್ಲ. ಮುಂದೆ 135 ಅಂತ ಬರೆದದ್ದು ಒಂದೆರಡು ಶೇಕಡಾ ಆಚೀಚೆ ಇರಬಹುದು. 2 ಶೇಕಡಾ ಉದ್ದವಾದರೆ 2 ಮೀಟರಿನಲ್ಲಿ 0.4 ಮಿ.ಮೀ. ವ್ಯತ್ಯಾಸ. ಎಫ್ 5.6ರಲ್ಲಿ ಫಿಲ್ಮಿನ ಹತ್ತಿರ ನಮಗಿರುವ ಸಲಿಗೆ ಆಚೀಚೆ 0.56 ಮಿ.ಮೀ. ಮಾತ್ರ, ಅದೂ 0.1 ಮಿ.ಮೀ. ಮಸುಕನ್ನು ಒಪ್ಪಿಕೊಂಡರೆ. ಹೋಲ್ಡರಿನ ಆಳದ ವ್ಯತ್ಯಾಸ (5 ಮಿ.ಮೀ., ಆಚೀಚೆ 0.18) ಇದರೊಳಗೇ ಸೇರಬೇಕು. ಆದ್ದರಿಂದ ಸರಿಯಾದ ಕ್ಯಾಮ್ ಇದ್ದರೂ ಪರೀಕ್ಷೆ ಬಿಡುವಂತಿಲ್ಲ.

ನನ್ನ ಮುಖ್ಯ ಲೆನ್ಸ್ 135. ಕಾರಣ ಡೆಪ್ತ್ ಆಫ್ ಫೀಲ್ಡ್ (ಶಾರ್ಪ್ ಆಗಿ ಬರುವ ಆಳ) ಅಲ್ಲ. 150 ಹಿಡಿದು ಅದೇ ಚೌಕಟ್ಟು ಬರುವಂತೆ ಹಿಂದೆ ಸರಿದರೆ ಎರಡರಲ್ಲೂ ಸಿಗುವುದು ಅಷ್ಟೇ. ವ್ಯೂಫೈಂಡರಿನಲ್ಲಿ ಕಂಡದ್ದಕ್ಕೂ ಫಿಲ್ಮಿನಲ್ಲಿ ಬಂದದ್ದಕ್ಕೂ, ಅದರಲ್ಲೂ ಹತ್ತಿರದಲ್ಲಿ, ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಸ್ವಲ್ಪ ಅಗಲ ನೋಡುವ ಲೆನ್ಸ್ ಆ ಅಂತರವನ್ನು ನುಂಗಿಕೊಳ್ಳುತ್ತದೆ, 4×5 ನೆಗೆಟಿವ್‌ನಿಂದ ಸುತ್ತ ಸ್ವಲ್ಪ ಕತ್ತರಿಸಿದರೆ ಏನೂ ನಷ್ಟವಿಲ್ಲ. ಅಗ್ಗದ ದಾರಿ ಎಂದರೆ ಕ್ರೌನ್ ಜೊತೆಗೇ ಬರುತ್ತಿದ್ದ ಶ್ನೈಡರ್ ಕ್ಸೆನಾರ್ 135 ಎಫ್ 4.7: ಹಗುರ, ಕ್ಯಾಮರಾ ಮುಚ್ಚಿದಾಗ ಒಳಗೇ ಕೂರುತ್ತದೆ. ಪೂರ್ತಿ ತೆರೆದಾಗ ಮೂಲೆಗಳು ಮೆತ್ತಗೆ, ಎಫ್ 8ರಲ್ಲಿ ಚೆನ್ನ. ಹಣವಿದ್ದರೆ ನಿಕ್ಕೋರ್ ಡಬ್ಲ್ಯೂ 135 ಎಫ್ 5.6; ಕೋಪಲ್ 0 ಶಟರ್, 52 ಮಿ.ಮೀ. ಫಿಲ್ಟರ್, ತೂಕ ಸುಮಾರು 200 ಗ್ರಾಂ. ಕೊಡಕ್ ಎಕ್ಟಾರ್ 127 ಎಫ್ 4.7 ಕೂಡ ಒಳ್ಳೆಯದೇ, 4×5ನ್ನು ಅಂಚಿಗೆ ಅಂಚು ತುಂಬುತ್ತದೆ ಅಷ್ಟೇ. ಬರೀ ಮುಖಗಳನ್ನೇ ತೆಗೆಯುವವರು 150ಕ್ಕೆ ಹೋಗಲಿ.

90 ಮಿ.ಮೀ. ಲೆನ್ಸಿಗೆ ನಾನು ರೇಂಜ್‌ಫೈಂಡರ್ ಹಚ್ಚುವುದೇ ಇಲ್ಲ. ಎಫ್ 16ರಲ್ಲಿ 5 ಮೀಟರಿಗೆ ಇಟ್ಟರೆ 2.5 ಮೀಟರಿನಿಂದ ಇನ್ಫಿನಿಟಿವರೆಗೆ ಸಿಗುತ್ತದೆ. ಆಂಗುಲಾನ್ 90 ಎಫ್ 6.8 ಸಾಕು, ಅದು 4×5ನ್ನು ತುಂಬುವುದೇ ಕಷ್ಟದಿಂದ, ಆದರೆ ಹೇಗೂ ಎಫ್ 16ರಲ್ಲೇ ಬಳಸುತ್ತೇವಲ್ಲ. ಬೆಡ್ (ಲೆನ್ಸ್ ಹೊರುವ ಮುಂದಿನ ಹಲಗೆ) ಚೌಕಟ್ಟಿನೊಳಗೆ ಬರುತ್ತಿದೆಯೇ ಎಂದು ಹಿಂದಿನ ಮಸುಕು ಗಾಜಿನಲ್ಲಿ, ಅಂದರೆ ಗ್ರೌಂಡ್ ಗ್ಲಾಸಿನಲ್ಲಿ, ಒಮ್ಮೆ ನೋಡಿಕೊಳ್ಳಿ.

ಇನ್ನು ವೇಗದ ಲೆನ್ಸುಗಳ ಮೋಹ. ಕ್ಸೆನೋಟಾರ್ 150 ಎಫ್ 2.8 ತೆರೆದಿಟ್ಟರೆ 2 ಮೀಟರಿನಲ್ಲಿ ಒಟ್ಟು ಆಳ 9 ಸೆಂ.ಮೀ. ಏರೋ ಎಕ್ಟಾರ್ 178 ಎಫ್ 2.5 ಆದರೆ 6 ಸೆಂ.ಮೀ. ಎರಡೂವರೆ ಕೆಜಿ ಹೊತ್ತು ನಿಂತ ಮನುಷ್ಯ ಉಸಿರಾಡಿದರೇ ಮೂರ್ನಾಲ್ಕು ಸೆಂ.ಮೀ. ಹಿಂದೆಮುಂದೆ ತೂಗುತ್ತಾನೆ. ಫೋಟೋ ಪತ್ರಕರ್ತ ಡೇವಿಡ್ ಬರ್ನೆಟ್ ಸ್ಪೀಡ್ ಗ್ರಾಫಿಕ್‌ಗೆ ಏರೋ ಎಕ್ಟಾರ್ ಕೂರಿಸಿ ಒಲಿಂಪಿಕ್ಸ್ ತೆಗೆದದ್ದು ನಿಜ, ಅದು ಅವರ ಕೈ. ಆ ಲೆನ್ಸಿಗೆ ಶಟರ್ ಇಲ್ಲ, ಸ್ಪೀಡ್ ಗ್ರಾಫಿಕ್‌ನಲ್ಲಿ ಫಿಲ್ಮಿನ ಮುಂದಿರುವ ಫೋಕಲ್ ಪ್ಲೇನ್ ಶಟರೇ ಗತಿ, ಕ್ರೌನ್‌ಗೆ ಆಗುವುದಿಲ್ಲ. ಗಾಜಿನಲ್ಲಿ ಥೋರಿಯಂ ಇರುವುದರಿಂದ ಹಳದಿಗಟ್ಟುತ್ತದೆ, ಬಿಸಿಲಿಗೆ ಇಟ್ಟರೆ ತಿಳಿಯಾಗುತ್ತದೆ. ಐಎಸ್‌ಒ 400ರ ಫಿಲ್ಮಿಗೆ ಬಯಲಿನ ನೆರಳಿನಲ್ಲಿ ಎಫ್ 8, 1/250 ಸಿಗುವಾಗ ಇಷ್ಟೆಲ್ಲ ಪಾಡು ನನಗೆ ಬೇಡ.

ಹೊಂದಿಸುವ ಕ್ರಮ: ಮೊದಲು ಗ್ರೌಂಡ್ ಗ್ಲಾಸ್. ಕ್ರೌನ್‌ನಲ್ಲಿ ಬಿಂಬವನ್ನು ಬೆಳಗಿಸುವ ಫ್ರೆನೆಲ್ ಹಾಳೆ ಗ್ರೌಂಡ್ ಗ್ಲಾಸಿಗಿಂತ ಲೆನ್ಸಿನ ಕಡೆಗಿದ್ದರೆ ಅದನ್ನು ತೆಗೆಯಬೇಡಿ. ತೆಗೆದರೆ ಫೋಕಸ್ ಹಾಳೆಯ ದಪ್ಪದ ಮೂರನೇ ಒಂದು ಭಾಗದಷ್ಟು ಸರಿಯುತ್ತದೆ, ಒಂದೂವರೆ ಮಿ.ಮೀ. ಹಾಳೆಗೆ ಅರ್ಧ ಮಿ.ಮೀ., ಅಂದರೆ ನಮ್ಮ ಸಲಿಗೆಯೆಲ್ಲ ಅಲ್ಲೇ ಖಾಲಿ. ಆಮೇಲೆ ಒಂದು ಕಿ.ಮೀ. ಆಚೆಗಿನ ಟವರನ್ನು ಲೂಪ್ (ಭೂತಗನ್ನಡಿ) ಹಿಡಿದು, ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ ಇನ್ಫಿನಿಟಿ ಸ್ಟಾಪ್ (ಲೆನ್ಸನ್ನು ಆ ಜಾಗದಲ್ಲಿ ನಿಲ್ಲಿಸುವ ತಡೆ) ಬಿಗಿಯಿರಿ. ಪ್ರತಿ ಲೆನ್ಸಿಗೂ ಅದರದೇ ಒಂದು ಜೋಡಿ ಸ್ಟಾಪ್ ಬೇಕು. ರೇಂಜ್‌ಫೈಂಡರಿನ ಎರಡು ಬಿಂಬ ಇಲ್ಲಿ ಕೂಡಬೇಕು. ನಂತರ 2 ಮೀಟರ್, ಕೊನೆಗೆ 5. ಇನ್ಫಿನಿಟಿ ಸರಿಯಿದ್ದು 2 ಮೀಟರಿನಲ್ಲಿ ತಪ್ಪಿದರೆ ಕ್ಯಾಮ್ ಆ ಲೆನ್ಸಿನದಲ್ಲ.

ಫಿಲ್ಮ್ ಸುಡುವ ಬದಲು ಆರ್‌ಸಿ (ಪ್ಲಾಸ್ಟಿಕ್ ಲೇಪದ) ಫೋಟೋ ಪೇಪರ್ ಕತ್ತರಿಸಿ ಹೋಲ್ಡರಿಗೆ ಹಾಕಿ, ಐಎಸ್‌ಒ 6 ಎಂದು ಎಣಿಸಿ, ಟ್ರೈಪಾಡ್ ಮೇಲೆ ಬಿಸಿಲಿನಲ್ಲಿ ಎಫ್ 5.6, 1/60. ಓರೆಯಾಗಿ ಹರಡಿದ ಅಳತೆ ಟೇಪಿನ ಒಂದು ಅಂಕಿಯ ಮೇಲೆ ರೇಂಜ್‌ಫೈಂಡರ್ ಕೂಡಿಸಿ ತೆಗೆದರೆ ತಪ್ಪು ಎಷ್ಟು ಸೆಂ.ಮೀ. ಎಂಬುದು ಪೇಪರಿನ ಮೇಲೇ ಓದಲು ಸಿಗುತ್ತದೆ.

ಹಳೆಯ ಶಟರಿನಲ್ಲಿ 1/400 ಎಂದು ಕೆತ್ತಿದ್ದನ್ನು ನಂಬುವುದಿಲ್ಲ, 1/250 ಬಂದರೆ ಪುಣ್ಯ. ನಿಧಾನ ವೇಗಗಳು ತಡವರಿಸಿದರೂ ಕೈಕೆಲಸಕ್ಕೆ ಅಡ್ಡಿಯಿಲ್ಲ, 1/125ಕ್ಕಿಂತ ಕೆಳಗೆ ಹೇಗೂ ಇಳಿಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಳಸುವವರು ಫ್ಲ್ಯಾಶನ್ನು ಶಟರಿಗೆ ಹೊಂದಿಸುವ ಸಿಂಕ್ ಸನ್ನೆ ಎಕ್ಸ್‌ನಲ್ಲಿದೆಯೇ ನೋಡಿ. ಹಳೆಯ ಫ್ಲ್ಯಾಶ್ ಬಲ್ಬುಗಳಿಗಾಗಿ ಇರುವ ಎಮ್‌ನಲ್ಲಿ ಉಳಿದಿದ್ದರೆ ಶಟರ್ ತೆರೆಯುವ ಮೊದಲೇ ಫ್ಲ್ಯಾಶ್ ಹೊಡೆದು ಮುಗಿದಿರುತ್ತದೆ.