ದಿನಾ ಓಡಿಸೋ ಕಾರಿಗೆ ಬಕೆಟ್ ಸೀಟ್ ಹಾಕಿಸೋ ಮುಂಚೆ ಬೆಲ್ಟ್ ಕಡೆ ನೋಡಿ

ಒಳ್ಳೆ ಬಕೆಟ್ ಸೀಟಲ್ಲಿ ಕೂತು ಒಂದ್ಸಲ ಚಾರ್ಮಾಡಿ ಘಾಟ್ ಹತ್ತಿ ಇಳಿದ್ರೆ ಮತ್ತೆ ಕಂಪನಿ ಕೊಟ್ಟ ಸ್ಟಾಕ್ ಸೀಟಿಗೆ ಮನಸ್ಸು ಬರಲ್ಲ. ಪಕ್ಕೆ ತೊಡೆ ಎರಡನ್ನೂ ಸೀಟೇ ಹಿಡ್ಕೊಳ್ಳೋದ್ರಿಂದ ಸ್ಟೀರಿಂಗ್ ಜೋತು ಹಿಡ್ಕೊಂಡು ಕೂರೋ ಕೆಲಸ ಇರಲ್ಲ, ಕೈಗೆ ಬರೀ ತಿರುಗ್ಸೋ ಕೆಲಸ ಅಷ್ಟೇ. ಅದಕ್ಕೇ ಕೆ1000 ರ್‍ಯಾಲಿಲೋ ಚಿಕ್ಕಮಗಳೂರು ರ್‍ಯಾಲಿಲೋ ಓಡೋ ಗಾಡಿಗಳ ಒಳಗೆ ಇಣುಕಿ ನೋಡಿ ಬಂದವ್ರೆಲ್ಲ ನಮ್ಮ ಸ್ವಿಫ್ಟಿಗೂ ಪೋಲೋಗೂ ಅದೇ ಬೇಕು ಅಂತಾರೆ. ಹಾಕಿಸ್ಕೊಳ್ಳಿ, ತಪ್ಪಿಲ್ಲ. ಆದ್ರೆ ಒಂದು ವಿಷ್ಯ, ಕಾರ್ ಕಂಪನಿಯವ್ರು ಸೀಟು, ಬೆಲ್ಟು, ಏರ್‌ಬ್ಯಾಗು ಮೂರನ್ನೂ ಒಟ್ಟಿಗೆ ಡಿಸೈನ್ ಮಾಡಿ ಒಟ್ಟಿಗೇ ಕ್ರ್ಯಾಶ್ ಟೆಸ್ಟ್ ಮಾಡಿರ್ತಾರೆ, ನೀವು ಸೀಟ್ ಬಿಚ್ಚಿದ ಕ್ಷಣ ಮಿಕ್ಕ ಎರಡರ ಲೆಕ್ಕವೂ ಬದಲಾಗತ್ತೆ. ರ್‍ಯಾಲಿ ಗಾಡಿಲಿ ಆ ಲೆಕ್ಕ ಸರಿ ಮಾಡೋಕೆ ಒಳಗೆ ಕೊಳವೆಗಳಿಂದ ಕಟ್ಟಿರೋ ಪಂಜರ, ಅಂದ್ರೆ ರೋಲ್‌ಕೇಜ್ ಇದೆ, ಎರಡೂ ಭುಜದ ಮೇಲೆ ಬರೋ ರೇಸ್ ಬೆಲ್ಟ್, ಅಂದ್ರೆ ಹಾರ್ನೆಸ್ ಇದೆ, ಹೆಲ್ಮೆಟ್ ಇದೆ. ಆಫೀಸಿಗೆ ಹೋಗೋ ಗಾಡಿಲಿ ಅದ್ಯಾವುದೂ ಇಲ್ಲ.

ಹಾಗಾಗಿ ಸೀಟ್ ಹುಡ್ಕೋಕೆ ಹೋಗೋ ಮೊದ್ಲು ಟಾರ್ಚ್ ಹಿಡ್ಕೊಂಡು ನಿಮ್ಮ ಈಗಿನ ಸೀಟಿನ ಕೆಳಗೆ ಬಗ್ಗಿ ನೋಡಿ. ಹಳದಿ ಬಣ್ಣದ ಕನೆಕ್ಟರ್ ಕಂಡ್ರೆ ಅದು ಏರ್‌ಬ್ಯಾಗ್‌ದೋ ಪ್ರಿಟೆನ್ಷನರ್‌ದೋ ವೈರ್ (ಪ್ರಿಟೆನ್ಷನರ್ ಅಂದ್ರೆ ಗುದ್ದಿದ ಕ್ಷಣ ಬೆಲ್ಟನ್ನ ಬಿಗಿಯಾಗಿ ಎಳೆಯೋ ಭಾಗ). ಸೀಟಿನ ಬಾಗಿಲ ಕಡೆ ಅಂಚಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಟ್ಯಾಗ್ ಹೊಲಿದಿದ್ರೆ ಸೈಡ್ ಏರ್‌ಬ್ಯಾಗ್ ಸೀಟೊಳಗೇ ಇದೆ ಅಂತ ಅರ್ಥ. ಆಮೇಲೆ ಬೆಲ್ಟ್ ಬಕಲ್ ಎಲ್ಲಿ ಕೂತಿದೆ ನೋಡಿ, ಇತ್ತೀಚಿನ ಬಹುತೇಕ ಗಾಡಿಗಳಲ್ಲಿ ಅದು ನೆಲಕ್ಕಲ್ಲ, ಸೀಟಿನ ಫ್ರೇಮಿಗೇ ಬೋಲ್ಟ್ ಆಗಿರತ್ತೆ, ಸೀಟ್ ತೆಗೆದ್ರೆ ಬಕಲ್ಲೂ ಜೊತೆಗೇ ಹೋಯ್ತು. 2019ರ ಜುಲೈ 1ರಿಂದ ಸೀಟ್‌ಬೆಲ್ಟ್ ರಿಮೈಂಡರ್ ಕಡ್ಡಾಯ ಆಗಿರೋದ್ರಿಂದ ಅದರ ನಂತರದ ಗಾಡಿಗಳಲ್ಲಿ ಬಕಲ್ ಒಳಗೆ ಒಂದು ಸ್ವಿಚ್ ವೈರ್ ಕೂಡ ಇರತ್ತೆ.

ಸೀಟೊಳಗೆ ಸೈಡ್ ಏರ್‌ಬ್ಯಾಗ್ ಇರೋ ಗಾಡಿ ಆದ್ರೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಸೀಟ್ ಬದಲಾಯಿಸ್ಬೇಡಿ. 2024ರ ಸ್ವಿಫ್ಟಿಗೆ ಆರು ಏರ್‌ಬ್ಯಾಗ್ ಬೇಸ್ ವೇರಿಯಂಟ್‌ನಿಂದಲೇ ಬರತ್ತೆ, ಪಕ್ಕದಿಂದ ಗುದ್ದಿದಾಗ ನಿಮ್ಮ ಪಕ್ಕೆಲುಬಿಗೂ ಬಾಗಿಲಿಗೂ ಮಧ್ಯೆ ಇರೋದು ಅದೊಂದೇ, ಅದನ್ನ ಕಿತ್ತು ಫೈಬರ್ ಚಿಪ್ಪು ಕೂರಿಸೋದು ನಷ್ಟದ ವ್ಯಾಪಾರ. ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಲೈಟ್ ಉರಿಯತ್ತಲ್ಲ ಅಂದ್ರೆ ಕನೆಕ್ಟರಿಗೆ ಒಂದು ರೆಸಿಸ್ಟರ್ ಸಿಕ್ಕಿಸಿ ಲೈಟ್ ಆರಿಸ್ತೀವಿ ಅಂತಾರೆ ಸೀಟ್ ಹಾಕೋರು, ಅದು ಕಂಪ್ಯೂಟರಿಗೆ ಏರ್‌ಬ್ಯಾಗ್ ಇದೆ ಅಂತ ಸುಳ್ಳು ಹೇಳೋದು ಅಷ್ಟೇ. ನಾಳೆ ಆ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡವ್ರಿಗೆ ತಮ್ಮ ಗಾಡಿಲಿ ಏನಿಲ್ಲ ಅನ್ನೋದೂ ಗೊತ್ತಾಗಲ್ಲ. ಪ್ಯಾಸೆಂಜರ್ ಸೀಟಲ್ಲಿ ಯಾರಾದ್ರೂ ಕೂತಿದಾರಾ ಅಂತ ನೋಡೋ ಸೆನ್ಸರ್ ಇರೋ ಗಾಡಿಗಳಲ್ಲಂತೂ ಆ ಕಡೆ ಮುಟ್ಲೇಬೇಡಿ, ಡ್ರೈವರ್ ಸೀಟ್ ಒಂದೇ ಸಾಕು. ಈ ಕೆಲಸಕ್ಕೆ ಸರಿ ಹೊಂದೋದು ಸೈಡ್ ಏರ್‌ಬ್ಯಾಗ್ ಇಲ್ಲದ ಹಳೆ ಸ್ವಿಫ್ಟ್, ಹಳೆ ಪೋಲೋ, ಎಸ್ಟೀಮ್, ಝೆನ್ ಥರದ ಗಾಡಿಗಳು.

ಇನ್ನು ಯಾವ ಸೀಟು ಅನ್ನೋದು. ಎರಡು ಜಾತಿ ಇದೆ, ಬೆನ್ನು ಮಡಚೋ ರಿಕ್ಲೈನರ್ ಒಂದು, ಒಂದೇ ಚಿಪ್ಪಿನ ಫಿಕ್ಸೆಡ್ ಬಕೆಟ್ ಇನ್ನೊಂದು. ದಿನಾ ಓಡಿಸೋ ಗಾಡಿಗೆ ರಿಕ್ಲೈನರ್ರೇ ಸರಿ, ಮಾಮೂಲಿ ತ್ರೀ ಪಾಯಿಂಟ್ ಬೆಲ್ಟ್ ಸರಿಯಾಗಿ ಕೂರತ್ತೆ, ಹತ್ತೋಕೆ ಇಳಿಯೋಕೆ ಒದ್ದಾಟ ಇಲ್ಲ. ಫಿಕ್ಸೆಡ್ ಬಕೆಟ್ ಹಾಕಿದ್ರೆ ಹಿಂದೆ ಕೂತವ್ರ ಮುಖದ ಮುಂದೆ ಗಟ್ಟಿ ಫೈಬರ್ ಬರತ್ತೆ, ಮನೇಲಿ ಮಕ್ಕಳಿದ್ದು ಹಿಂದಿನ ಸೀಟಲ್ಲಿ ಕೂರ್ತಾರೆ ಅಂದ್ರೆ ಆ ಚಿಪ್ಪಿನ ಹಿಂಭಾಗಕ್ಕೆ ಪ್ಯಾಡಿಂಗ್ ಇಲ್ಲದೆ ಓಡಿಸ್ಬೇಡಿ, ಹಿಂದಿನವ್ರಿಗೂ ಬೆಲ್ಟ್ ಹಾಕಿಸಿ.

ರೆಕಾರೋ, ಸ್ಪಾರ್ಕೋ, ಓಎಂಪಿ, ಬ್ರೈಡ್ ಎಲ್ಲಾ ಹೆಸರಲ್ಲೂ ನಕಲಿ ಸೀಟು ಓಡಾಡ್ತಿದೆ, ಬಟ್ಟೆ ಮೇಲಿನ ಕಸೂತಿ ನೋಡಿ ನಂಬ್ಬೇಡಿ. ರೇಸಿಗೆ ಮಾಡಿರೋ ಅಸಲಿ ಸೀಟಲ್ಲಿ ಕಾರ್ ರೇಸಿನ ಜಾಗತಿಕ ಸಂಸ್ಥೆಯಾದ ಎಫ್‌ಐಎ ಲೇಬಲ್ ಇರತ್ತೆ, ಅದರಲ್ಲಿ ಸ್ಟ್ಯಾಂಡರ್ಡ್ ನಂಬರ್, ಹೋಮೋಲೊಗೇಶನ್ ನಂಬರ್ (ಆ ಸೀಟ್ ಮಾಡೆಲ್ಲಿಗೆ ಸಿಕ್ಕ ಒಪ್ಪಿಗೆಯ ನಂಬರ್), ತಯಾರಾದ ದಿನಾಂಕ ಎಲ್ಲಾ ಬರೆದಿರತ್ತೆ. 8855-1999 ಅಂತಿದ್ರೆ ಸ್ಪರ್ಧೆಗೆ ಅದರ ಆಯಸ್ಸು ತಯಾರಾದ ದಿನದಿಂದ 5 ವರ್ಷ, 8862-2009 ಅಂತಿದ್ರೆ 10 ವರ್ಷ. ರೋಡಿಗೆ ಆ ಗಡುವು ಕಾನೂನಲ್ಲ, ಆದ್ರೂ ಸೆಕೆಂಡ್ ಹ್ಯಾಂಡ್ ಸೀಟ್ ಎಷ್ಟು ಹಳೇದು ಅಂತ ಗೊತ್ತಾಗೋಕೆ ಲೇಬಲ್ ನೋಡ್ಲೇಬೇಕು. ಕವರ್ ಬಿಚ್ಚಿಸಿ ಬೋಲ್ಟ್ ಕೂರೋ ಜಾಗದ ಸುತ್ತ ಬಿರುಕಿದ್ಯಾ ನೋಡಿ, ನಕ್ಷತ್ರದ ಥರ ಗೆರೆ ಒಡೆದಿದ್ರೆ ಬಿಟ್ಟು ಬನ್ನಿ. ಆಕ್ಸಿಡೆಂಟ್ ಆದ ಗಾಡಿಯ ಸೀಟ್ ಪುಕ್ಕಟೆ ಕೊಟ್ರೂ ಬೇಡ.

ತಗೊಳ್ಳೋ ಮುಂಚೆ ಗಾಡಿಲಿ ಅಳತೆ ತಗೊಳ್ಳಿ, ಹ್ಯಾಂಡ್‌ಬ್ರೇಕ್ ಕಡೆ ನೆಲ ಉಬ್ಬಿರೋ ಟನಲ್‌ನಿಂದ ಮುಂದಿನ ಹಿಂದಿನ ಬಾಗಿಲ ಮಧ್ಯದ ಕಂಬ, ಅಂದ್ರೆ ಬಿ ಪಿಲ್ಲರ್ ತನಕ ಎಷ್ಟು ಜಾಗ ಇದೆ, ಭುಜದ ರೆಕ್ಕೆ ಪಿಲ್ಲರಿಗೆ ತಾಗತ್ತಾ, ಬಾಗಿಲು ಪೂರ್ತಿ ಮುಚ್ಚತ್ತಾ ಅಂತ.

ಈಗ ಬ್ರಾಕೆಟ್, ಅಂದ್ರೆ ಸೀಟನ್ನ ಗಾಡಿ ನೆಲಕ್ಕೆ ಹಿಡಿದಿಡೋ ಲೋಹದ ಚೌಕಟ್ಟು. ಜನ ಸೀಟಿಗೆ ಅರವತ್ತು ಎಪ್ಪತ್ತು ಸಾವಿರ ಸುರಿದು ಬ್ರಾಕೆಟ್ ಮಾತ್ರ ಗೇಟು ಗ್ರಿಲ್ಲು ಮಾಡೋ ವೆಲ್ಡಿಂಗ್ ಶಾಪಲ್ಲಿ ಮಾಡಿಸ್ಕೊಂಡು ಬರ್ತಾರೆ, ನನಗೆ ಈ ವಿಷಯದಲ್ಲಿ ಅತೀ ಸಂಕಟ ಆಗೋದು ಅದೇ. ಬಕಲ್ ಸೀಟಿಗೋ ಬ್ರಾಕೆಟ್ಟಿಗೋ ಕೂತಿದ್ರೆ ಗುದ್ದಿದಾಗ ನಿಮ್ಮ ಮೈ ತೂಕದ ಎಳೆತದಲ್ಲಿ ದೊಡ್ಡ ಪಾಲು ಅದೇ ಬ್ರಾಕೆಟ್ ಮೂಲಕ ನೆಲಕ್ಕೆ ಹೋಗ್ಬೇಕು. ಬೆಲ್ಟ್ ಆಂಕರೇಜ್, ಅಂದ್ರೆ ಬೆಲ್ಟ್ ಗಾಡಿಗೆ ಕೂರೋ ಜಾಗದ ಬಗ್ಗೆ ವಿಶ್ವಸಂಸ್ಥೆಯ ಆರ್14 ನಿಯಮದ ಟೆಸ್ಟಲ್ಲಿ ಕಾರಿನ ಎದೆ ಪಟ್ಟಿಗೆ 13.5 ಕಿಲೋನ್ಯೂಟನ್, ಸೊಂಟದ ಪಟ್ಟಿಗೂ ಅಷ್ಟೇ, ಎರಡನ್ನೂ ಒಟ್ಟಿಗೆ ಎಳೀತಾರೆ, ಅಂದ್ರೆ ಒಂದೊಂದು ಪಟ್ಟಿಗೆ ಹತ್ತಿರ ಹತ್ತಿರ 1,375 ಕಿಲೋ ನೇತು ಹಾಕಿದಷ್ಟು. ಅದರ ಮೇಲೆ ಬೆಲ್ಟ್ ಸೀಟಿಗೇ ಕೂತಿದ್ರೆ ಸೀಟಿನ ತೂಕದ 20 ಪಟ್ಟು ಬಲ ಬೇರೆ ಸೇರತ್ತೆ. ಎಲ್ ಆಂಗಲ್ ತುಂಡು ಅಲ್ಲಲ್ಲಿ ಸಣ್ಣ ವೆಲ್ಡಿಂಗ್ ಚುಕ್ಕೆ ಇಟ್ಟು ಕೂರ್ಸಿದ್ರೆ ಇದನ್ನ ತಡ್ಕೊಳ್ಳಲ್ಲ.

ನಿಮ್ಮ ಮಾಡೆಲ್ಲಿಗೇ ಅಂತ ಮಾಡಿರೋ, ಕಂಪನಿ ಕೊಟ್ಟ ನಾಲ್ಕು ಬೋಲ್ಟ್ ತೂತಿಗೇ ಕೂರೋ ಬ್ರಾಕೆಟ್ ಸಿಕ್ಕಿದ್ರೆ ಎಷ್ಟೇ ಆಗ್ಲಿ ಅದನ್ನೇ ತಗೊಳ್ಳಿ. ಸಿಗದೇ ಇದ್ರೆ ಮೋಟಾರ್‌ಸ್ಪೋರ್ಟ್ ಗಾಡಿ ಕಟ್ಟೋರ ಹತ್ರ ಮಾಡಿಸಿ, ಎಫ್‌ಐಎ ಸ್ಪರ್ಧೆ ಗಾಡಿಗೆ ಹೇಳೋ ಅಳತೆಯನ್ನ ಕನಿಷ್ಠ ಅಂತ ಇಟ್ಕೊಳ್ಳಿ, ಸೀಟಿಗೆ ಕನಿಷ್ಠ ನಾಲ್ಕು ಕಡೆ ಫಿಕ್ಸಿಂಗ್, ಬೋಲ್ಟ್ 8 ಎಂಎಂ ವ್ಯಾಸಕ್ಕೆ ಕಮ್ಮಿ ಇರಬಾರ್ದು, ಸಪೋರ್ಟ್ ಸ್ಟೀಲ್ ಆದ್ರೆ 3 ಎಂಎಂ ದಪ್ಪ, ಅಲ್ಯೂಮಿನಿಯಂ ಥರದ ಹಗುರ ಲೋಹ ಆದ್ರೆ 5 ಎಂಎಂ, ನೆಲಕ್ಕೆ ಕೂರೋ ಒಂದೊಂದು ಪಾಯಿಂಟಲ್ಲೂ 40 ಚದರ ಸೆಂ.ಮೀ. ಜಾಗ ಹಿಡಿಯೋ ಪ್ಲೇಟ್. ಬೋಲ್ಟ್ ತಲೆ ಮೇಲೆ 8.8 ಅಥವಾ 10.9 ಅಂತ ಗಟ್ಟಿತನದ ಗುರುತಿರ್ಲಿ, ಏನೂ ಬರೀದೇ ಇರೋ ಹಾರ್ಡ್‌ವೇರ್ ಅಂಗಡಿ ಬೋಲ್ಟ್ ಬೇಡ. ನೆಲದ ಶೀಟಿಗೆ ಹೊಸ ತೂತು ಕೊರೆದು ಬರೀ ವಾಷರ್ ಹಾಕಿ ಬಿಗಿದ್ರೆ ಗುದ್ದಿದಾಗ ಬೋಲ್ಟ್ ತಗಡು ಹರ್ಕೊಂಡು ಎದ್ದು ಬರತ್ತೆ, ಆದಷ್ಟು ಕೊರೀಬೇಡಿ. ಕೊರೀಲೇಬೇಕಾದ್ರೆ ಕೆಳಗಡೆ ಫ್ಯುಯಲ್ ಲೈನ್, ಬ್ರೇಕ್ ಲೈನ್ ಎಲ್ಲಿ ಹೋಗಿದೆ ನೋಡಿ, ತೂತಿನ ಅಂಚಿಗೆ ಪ್ರೈಮರ್ ಹಚ್ಚಿ. ಎಲೆಕ್ಟ್ರಿಕ್ ಗಾಡಿ ಆದ್ರೆ ಡ್ರಿಲ್ ಹತ್ರನೂ ತರ್ಬೇಡಿ, ನೆಲದ ಕೆಳಗೆ ಹೈ ವೋಲ್ಟೇಜ್ ಬ್ಯಾಟರಿ ಇರತ್ತೆ.

ಸೀಟ್ ಹಿಂದೆ ಮುಂದೆ ಸರಿಸೋ ಸ್ಲೈಡರ್ ಹಾಕೋದಾದ್ರೆ ಎರಡೂ ಹಳಿಲಿ ಲಾಕ್ ಆಗೋದನ್ನೇ ತಗೊಳ್ಳಿ. ಒಂದೇ ಕಡೆ ಲಾಕ್ ಇರೋ ಅಗ್ಗದ ಹಳಿ ಜೋರು ಬ್ರೇಕಲ್ಲಿ ಓರೆಯಾಗಿ ಅಲ್ಲಾಡತ್ತೆ. ಗಾಡಿ ಓಡಿಸೋರು ನೀವೊಬ್ರೇ ಆದ್ರೆ ಸ್ಲೈಡರ್ರೇ ಬೇಡ, ಎತ್ತರನೂ ಉಳಿಯತ್ತೆ, ಕೆಟ್ಟೋಗೋ ಒಂದು ಭಾಗನೂ ಕಮ್ಮಿ.

ಹಳೆ ಸೀಟ್ ಬಿಚ್ಚೋ ದಿನ ಮೊದ್ಲು ಸೀಟ್ ಹಿಂದೆ ಮುಂದೆ ತಳ್ಳಿ ನಾಲ್ಕೂ ಬೋಲ್ಟ್ ಸಡಿಲ ಮಾಡ್ಕೊಳ್ಳಿ, ಆಮೇಲೆ ಇಗ್ನಿಷನ್ ಆಫ್ ಮಾಡಿ ಬ್ಯಾಟರಿ ನೆಗೆಟಿವ್ ತೆಗೆದು ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಿ, ಏರ್‌ಬ್ಯಾಗ್ ಕಂಟ್ರೋಲರ್ ಒಳಗೆ ಕೂಡಿಟ್ಟ ಕರೆಂಟ್ ಇಳೀಬೇಕು. ಆಮೇಲೇ ಹಳದಿ ಕನೆಕ್ಟರಿಗೆ ಕೈ ಹಾಕಿ. ಮಲ್ಟಿಮೀಟರ್ ಇಟ್ಟು ಆ ವೈರ್ ಚೆಕ್ ಮಾಡೋಕೆ ಯಾವತ್ತೂ ಹೋಗ್ಬೇಡಿ, ಮೀಟರಿನ ಕರೆಂಟಿಗೂ ಸಿಡಿಯೋ ಸಾಧ್ಯತೆ ಇರತ್ತೆ. ಫೋಕ್ಸ್‌ವ್ಯಾಗನ್ ಸ್ಕೋಡಾ ಗಾಡಿಗಳಲ್ಲಿ ಹನ್ನೆರಡು ಮೂಲೆಯ ಸ್ಪ್ಲೈನ್ ಬಿಟ್ ಬೇಕಾಗತ್ತೆ, ಆಲನ್ ಕೀ ತುರುಕಿದ್ರೆ ಬೋಲ್ಟ್ ತಲೆ ಹಾಳು. ಸೀಟ್ ಇಲ್ಲದೆ ಇಗ್ನಿಷನ್ ಆನ್ ಮಾಡಿದ್ರೆ ಫಾಲ್ಟ್ ಕೋಡ್ ಕೂತ್ಕೊಳತ್ತೆ, ಅದೂ ಬೇಡ.

ಹೊಸ ಸೀಟ್ ಕೂರ್ಸುವಾಗ ಸೀಟಿನ ಮಧ್ಯ ಸ್ಟೀರಿಂಗಿನ ಮಧ್ಯಕ್ಕೆ ನೇರ ಇದ್ಯಾ ನೋಡಿ, ಓರೆ ಕೂತ್ರೆ ಮಂಡ್ಯ ದಾಟೋಷ್ಟ್ರಲ್ಲಿ ಸೊಂಟ ಹೇಳತ್ತೆ. ಎತ್ತರ ಸ್ಟಾಕ್ ಸೀಟಿನ ಹತ್ತಿರ ಹತ್ತಿರ ಇರ್ಲಿ. ಎದೆ ಮೂಳೆಯಿಂದ ಸ್ಟೀರಿಂಗ್ ಮಧ್ಯಕ್ಕೆ ಕನಿಷ್ಠ 25 ಸೆಂ.ಮೀ. ಅಂತರ ಬೇಕು, ಅದಕ್ಕಿಂತ ಹತ್ರ ಇದ್ರೆ ಮುಂದಿನ ಏರ್‌ಬ್ಯಾಗೇ ಪೆಟ್ಟು ಕೊಡತ್ತೆ.

ಇನ್ನು ಬೆಲ್ಟ್, ಇಲ್ಲಿ ನಿಧಾನ ಮಾಡಿ. ಸೊಂಟದ ಪಟ್ಟಿ ಹೊಟ್ಟೆಗಿಂತ ಕೆಳಗೆ, ಸೊಂಟದ ಮೂಳೆ ಮೇಲೇ ಕೂರ್ಬೇಕು, ಬಕೆಟ್ಟಿನ ಪಕ್ಕದ ದಿಂಡಿನ ಮೇಲೆ ಹಾದು ಹೊಟ್ಟೆ ಮುಂದೆ ಸೇತುವೆ ಥರ ನಿಂತಿದ್ರೆ ಆ ಸೀಟ್ ನಿಮ್ಮ ಗಾಡಿಗೆ ಆಗಲ್ಲ ಅಂತಲೇ ಅರ್ಥ. ಪಕ್ಕದಲ್ಲಿ ಕಿಂಡಿ ಇದ್ರೆ ಪಟ್ಟಿ ಅದರೊಳಗಿಂದ ಬರ್ಲಿ. ಬಕಲ್ ಸೀಟಿನ ಅಂಚಿಗೆ ಒತ್ಕೊಂಡು ಮುರಿಯೋ ಹಾಗೆ ಬಾಗಬಾರ್ದು, ಒಂದೇ ಕೈಲಿ ಒತ್ತಿದ್ರೆ ಬಿಚ್ಚಬೇಕು. ಬಕಲ್ ಬೋಲ್ಟ್ ಆಗೋ ಜಾಗ ಬ್ರಾಕೆಟ್ಟಲ್ಲೇ ಅದಕ್ಕಂತ ಮಾಡಿರೋ ದಪ್ಪ ಪ್ಲೇಟ್ ಆಗಿರ್ಲಿ, ಸ್ಲೈಡರಿನ ತೆಳು ತಗಡಲ್ಲ, ಹಳೆ ಬೆಲ್ಟ್ ಬೋಲ್ಟನ್ನೇ ಬಳಸಿ. ಎದೆ ಪಟ್ಟಿ ಪಿಲ್ಲರಿಂದ ನೇರ ಭುಜದ ಮೇಲೆ ಬರ್ಬೇಕು, ಹಾರ್ನೆಸ್ಸಿಗೆ ಅಂತ ಬಿಟ್ಟಿರೋ ತೂತಲ್ಲಿ ತೂರಿಸ್ಬೇಡಿ, ರೆಕ್ಕೆಗೆ ಸುತ್ಕೊಂಡು ಸಡಿಲ ಬಿಟ್ಟಿದ್ರೂ ಬೇಡ.

ಹಾರ್ನೆಸ್ ಯಾಕೆ ಹಾಕಬಾರ್ದು ಅಂತ ಕೇಳೋರಿಗೆ, ನಾಲ್ಕು ಕಡೆ ಕಟ್ಟೋ ಫೋರ್ ಪಾಯಿಂಟ್ ಹಾರ್ನೆಸ್ಸಲ್ಲಿ ಭುಜದ ಪಟ್ಟಿಗಳು ಎಳೆದಾಗ ಸೊಂಟದ ಪಟ್ಟಿ ಮೇಲಕ್ಕೆ ಬಂದು ಹೊಟ್ಟೆ ಮೇಲೆ ಕೂರತ್ತೆ, ಮೈ ಕೆಳಗಿಂದ ಜಾರತ್ತೆ, ಅದನ್ನ ತಡೆಯೋಕೇ ತೊಡೆ ಮಧ್ಯದ ಪಟ್ಟಿ ಇರೋದು, ಫೋರ್ ಪಾಯಿಂಟಲ್ಲಿ ಅದಿರಲ್ಲ. ಭುಜದ ಪಟ್ಟಿನ ಹಿಂದಿನ ನೆಲಕ್ಕೆ ಕಡಿದಾಗಿ ಕಟ್ಟಿದ್ರೆ ಗುದ್ದಿದಾಗ ಬೆನ್ನುಮೂಳೆನ ಮೇಲಿಂದ ಕೆಳಗೆ ಒತ್ತತ್ತೆ, ಎಫ್‌ಐಎ ಹೇಳೋದು ಅಡ್ಡಗೆರೆಯಿಂದ 45 ಡಿಗ್ರಿ ಮೀರಬಾರ್ದು, 10 ಡಿಗ್ರಿ ಒಳಗಿದ್ರೆ ಒಳ್ಳೇದು ಅಂತ, ಅದಕ್ಕೆ ಹಿಂದೆ ಒಂದು ಬಾರ್ ಬೇಕು. ರೋಲ್‌ಕೇಜ್ ಇಲ್ಲದ ಗಾಡಿ ಮಗುಚಿ ಚಾವಣಿ ತಗ್ಗಿದ್ರೆ ಹಾರ್ನೆಸ್ ನಿಮ್ಮನ್ನ ಅಲ್ಲೇ ನೆಟ್ಟಗೆ ಹಿಡ್ಕೊಂಡಿರತ್ತೆ. ರೋಡಲ್ಲಿ ಕಂಪನಿ ಕೊಟ್ಟ ತ್ರೀ ಪಾಯಿಂಟ್ ಬೆಲ್ಟೇ ಇರ್ಲಿ.

ಎಲ್ಲಾ ಬೋಲ್ಟ್ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಟಾರ್ಕ್ ರೆಂಚಲ್ಲೇ ಬಿಗೀರಿ, ಮಾರ್ಕರಲ್ಲಿ ಗೆರೆ ಎಳೀರಿ, ನೂರು ಕಿಲೋಮೀಟರ್ ಆದ್ಮೇಲೆ ಗೆರೆ ಸರಿದಿದ್ಯಾ ನೋಡಿ, ನಮ್ಮ ಹೊಂಡದ ರೋಡಿಗೆ ತಿಂಗಳಿಗೊಮ್ಮೆ ನೋಡೋದೂ ಒಳ್ಳೇದು. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಉರಿದು ಆರ್ಬೇಕು, ಉರೀದೇ ಇದ್ರೂ ತೊಂದ್ರೆ, ಆರದೇ ಇದ್ರೂ ತೊಂದ್ರೆ, ಏರ್‌ಬ್ಯಾಗ್ ಮಾಡ್ಯೂಲ್ ಓದೋ ಸ್ಕ್ಯಾನರ್ ಇರೋ ಕಡೆ ತೋರ್ಸಿ.

ಕಾಗದದ ವಿಷ್ಯ, ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆರ್‌ಸಿಲಿರೋ ವಿವರ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, ಸೀಟುಗಳ ಸಂಖ್ಯೆ ಆರ್‌ಸಿಲಿ ಇರತ್ತೆ, ಹಾಗಾಗಿ ತೂಕ ಇಳ್ಸೋಕೆ ಅಂತ ಹಿಂದಿನ ಸೀಟ್ ಕೀಳ್ಬೇಡಿ. ಬದಲಾವಣೆ ಮಾಡೋ ಮುಂಚೆ ಆರ್‌ಟಿಓಲಿ ಒಂದು ಮಾತು ವಿಚಾರಿಸಿ, ಇನ್ಶೂರೆನ್ಸಿನವ್ರಿಗೆ ಮೇಲ್ ಹಾಕಿ ಅವ್ರ ಉತ್ತರ ಇಟ್ಕೊಳ್ಳಿ. ಹಳೆ ಸೀಟ್ ಗುಜರಿಗೆ ಹಾಕ್ಬೇಡಿ, ಗಾಡಿ ಮಾರುವಾಗ ಬೇಕಾಗತ್ತೆ. ಅದರಲ್ಲಿ ಪ್ರಿಟೆನ್ಷನರ್ ಥರದ ಸಿಡಿಯೋ ಭಾಗ ಉಳಿದಿದ್ರೆ ಬಿಸಿಲು ನೀರು ತಾಗದ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ, ಕನೆಕ್ಟರ್ ಮುಚ್ಚಿ ಇಡಿ.